ಬಿಸಿಯಾದರೆ ಹತ್ತುವ ಕೆಂಪು ದೀಪ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಇಂಜಿನ್ ಹೋಯ್ತು" ಅನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಶ್ರೀರಾಂಪುರದ ಕೊನೆಯಲ್ಲಿ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷ ಹಳೆಯ ಗಾಡಿಗಳ ಜೊತೆ ಏಗಿದವನು ನಾನು. ಇಂಜಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹೋದ ಜನವರಿಯ ಒಂದು ಶನಿವಾರ ಮಧ್ಯಾಹ್ನ ಒಂಟಿಕೊಪ್ಪಲ್‌ನ ಅಕ್ಕ ತಂಗಿಯರ ಕಾರು ಬಂತು. ಇಬ್ಬರೂ ನನ್ನ ಹಳೆಯ ಗಿರಾಕಿಗಳು. ಅಕ್ಕ ಅಗ್ರಹಾರದ ಒಂದು ಶಾಲೆಯಲ್ಲಿ ಟೀಚರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಬಲಗಾಲು ಮಡಚಲು ಬರುವುದಿಲ್ಲ. ತಂಗಿ ದಿನಾ ಕಾರಿನಲ್ಲಿ ಅವರನ್ನು ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಾರೆ. ಆ ಹಳೇ ಕಾರಿನ ಬಾಗಿಲು ಅಗಲ, ಸೀಟಿನ ಎತ್ತರವೂ ಸರಿ. ಅಕ್ಕ ಕಾಲು ಚಾಚಿಕೊಂಡೇ ಕೂರಬಹುದು. ಆಟೊ ಹತ್ತಲು ಹೋಗಿ ಎರಡು ಸಲ ಬಿದ್ದಿದ್ದಾರೆ.

"ಹದಿನೈದು ದಿನದಿಂದ ಆಯಿಲ್ ಲೈಟು ಹತ್ತುತ್ತೆ ಮೇಸ್ತ್ರಿ," ಎಂದರು ಅಕ್ಕ. "ಮನೆ ಹತ್ತಿರದ ಗ್ಯಾರೇಜಲ್ಲಿ ಬೇರಿಂಗ್ ಸವೆದಿದೆ, ಸಾಮಾನು ಸಿಗಲ್ಲ, ಗುಜರಿಗೆ ಹಾಕಿ ಅಂದ್ರು. ಗುಜರಿಯವನು ಸೋಮವಾರ ಬರ್ತಾನೆ. ಕಾರು ಹೋದ್ರೆ ನಾನು ಕೆಲಸ ಬಿಡ್ಬೇಕು, ಅಷ್ಟೇ. ಎಲ್ಲಾ ಇವಳಿಂದ! ಎಳೆದೆಳೆದು ಓಡಿಸಿ ಇಂಜಿನ್ ತಿಂದ್ಬುಟ್ಲು."

ತಂಗಿ ಕಾರಿನ ಕೀ ನನ್ನ ಕೈಗಿಟ್ಟು ಬೆಂಚಿನ ತುದಿಯಲ್ಲಿ ಕೂತರು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜನ! ಇಂಜಿನ್ ತಣ್ಣಗಾಗಲು ಬಿಟ್ಟು ನಾನು ಮೊದಲು ಆಯಿಲ್ ಮಟ್ಟ ನೋಡಿದೆ. ಸರಿಯಾಗಿತ್ತು. ಲೈಟೇ ಸುಳ್ಳು ಹೇಳುತ್ತಿರಬಹುದು ಎಂದು ಅದರ ಸ್ವಿಚ್ಚು ಬಿಚ್ಚಿ, ಆ ಜಾಗಕ್ಕೆ ನನ್ನ ಪ್ರೆಷರ್ ಗೇಜ್ ತಿರುಗಿಸಿ ಸ್ಟಾರ್ಟ್ ಮಾಡಿದೆ. ತಣ್ಣಗಿದ್ದಾಗ ಮುಳ್ಳು ಚೆನ್ನಾಗಿಯೇ ಏರಿತು. ಇಂಜಿನ್ ಬಿಸಿಯಾಗುತ್ತ ಬಂದ ಹಾಗೆ ಮುಳ್ಳು ಇಳಿದು ಇಳಿದು ಸೊನ್ನೆಯ ಹತ್ತಿರ ಬಂತು. ಲೈಟು ಹೇಳಿದ್ದು ನಿಜ. ಬೇರಿಂಗ್ ಸವೆದರೂ ಆಯಿಲ್ ಒತ್ತಡ ಹೀಗೇ ಇಳಿಯುತ್ತದೆ; ಇಷ್ಟು ನೋಡಿಯೇ ಆ ಗ್ಯಾರೇಜಿನ ಮಹಾನುಭಾವ ಬೇರಿಂಗ್ ಎಂದಿರಬೇಕು.

ನಾನು ಇಂಜಿನ್ ಆಫ್ ಮಾಡಿ ಒಂದು ಟೀ ಕುಡಿದೆ. ಹತ್ತು ನಿಮಿಷ ಬಿಟ್ಟು, ಇನ್ನೂ ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿದೆ. ಮುಳ್ಳು ಸರ್ರನೆ ಮೇಲೆ ಹೋಯಿತು! ಸ್ವಲ್ಪ ಹೊತ್ತು ನಿಂತು ಆಮೇಲೆ ಮತ್ತೆ ಇಳಿಯಿತು.

"ಸವೆದ ಬೇರಿಂಗು ಹತ್ತು ನಿಮಿಷ ರೆಸ್ಟ್ ತಗೊಂಡ್ರೆ ವಾಸಿಯಾಗುತ್ತೇನ್ರೀ?" ಎಂದು ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದೆ. "ತಳದಲ್ಲಿ ಆಯಿಲ್ ಹೀರೋ ಜಾಲರಿ ಇದೆ. ಅದಕ್ಕೆ ಏನೋ ಅಂಟ್ಕೊಂಡಿದೆ. ಇಂಜಿನ್ ನಿಲ್ಸಿದ್ರೆ ಕಳಚಿ ಬೀಳುತ್ತೆ, ಓಡಿದ್ರೆ ಮತ್ತೆ ಹೋಗಿ ಮೆತ್ಕೊಳುತ್ತೆ. ಬರೆದು ಕೊಡ್ತೀನಿ ಬೇಕಾದ್ರೆ!"

ಆಯಿಲ್ ಇಳಿಸಿ, ಇಂಜಿನ್ ತಳದ ಚೇಂಬರ್ ಬಿಚ್ಚಿದೆ. ಜಾಲರಿಗೆ ಕಪ್ಪನೆಯ ಲೋಳೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಎಳೆದರೆ ನೂಲು ನೂಲಾಗಿ ಬಂತು. ನನ್ನ ಮಾತು ನಿಜವಾದ ಜಂಬಕ್ಕೆ ತಲೆ ನಿಲ್ಲಲಿಲ್ಲ. ಕಾರಿನಡಿಯಿಂದ ಎದ್ದು ಬಂದವನೇ ತಂಗಿಯ ಮೇಲೆ ಎಗರಿದೆ.

"ಏನಮ್ಮಾ ಇದು? ಇಂಜಿನ್ ಒಳಗೆ ಬಟ್ಟೆ ಬಿಟ್ಟಿದ್ದೀರಲ್ಲ! ಕಣ್ಣು ಕಾಣಲ್ವಾ?"

"ನಾನು ಬಾನೆಟ್ ತೆಗೆದೇ ಇಲ್ಲ ಕಣ್ರೀ," ಎಂದರು ಅವರು.

"ಸುಳ್ಳು ಹೇಳ್ಬೇಡ, ಏನು ಹಾಕ್ದೆ ಹೇಳು," ಎಂದು ಅಕ್ಕನೂ ದನಿ ಸೇರಿಸಿದರು. ತಂಗಿಯ ಕಣ್ಣು ತುಂಬಿತು.

ತಂಗಿಯ ಬಾಯಿ ಮುಚ್ಚಿಸಬೇಕೆಂದೇ ನಾನು ಆ ಮುದ್ದೆಯನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡಿದೆ. ಬಟ್ಟೆಯಲ್ಲ, ಹತ್ತಿ. ನಡುನಡುವೆ ಹೊಸೆದ ಗಂಟು, ಗಂಟಿನಲ್ಲಿ ಕುಂಕುಮದ ಬಣ್ಣ ಇನ್ನೂ ಚೂರು ಉಳಿದಿತ್ತು. ಗೆಜ್ಜೆವಸ್ತ್ರ.

ಆಯುಧ ಪೂಜೆಯ ದಿನ ನನ್ನ ಶೆಡ್ಡಿನಲ್ಲಿರುವ ಅಷ್ಟೂ ಗಾಡಿಗಳ ಇಂಜಿನ್ ಮೇಲೆ ಒಂದೊಂದು ಗೆಜ್ಜೆವಸ್ತ್ರ ಏರಿಸುವುದು ನಾನೇ; ಆ ಕೆಲಸ ಇನ್ನೊಬ್ಬರಿಗೆ ಬಿಡುವುದಿಲ್ಲ. ಮೂರು ತಿಂಗಳ ಹಿಂದಿನ ಪೂಜೆಯ ದಿನ ಈ ಕಾರು ಆಯಿಲ್ ಬದಲಿಸಲು ಇಲ್ಲೇ ಇತ್ತು. ರಾಹುಕಾಲ ಬರುತ್ತದೆಂದು ಪುರೋಹಿತರು ಅವಸರ ಮಾಡಿದರು. ಆಯಿಲ್ ಹೊಯ್ಯುವ ಬಾಯಿಗೆ ಮುಚ್ಚಳ ಹಾಕದೆ ನಾನು ಪಕ್ಕದಲ್ಲೇ ವಸ್ತ್ರ ಇಟ್ಟು ಮುಂದಿನ ಗಾಡಿಗೆ ಓಡಿದ್ದೆ. ವಾಪಸ್ ಬಂದು ಮುಚ್ಚಳ ತಿರುಗಿಸುವಾಗ ವಸ್ತ್ರ ಕಾಣಲಿಲ್ಲ. ಗಾಳಿಗೆ ಹಾರಿರಬೇಕು ಎಂದುಕೊಂಡೆ. ಹುಡುಕಲಿಲ್ಲ. ಅದು ಆ ಬಾಯೊಳಗೆ ಜಾರಿ, ಮೆಲ್ಲಗೆ ಬಿಡಿಸಿಕೊಳ್ಳುತ್ತ ಈಗ ತಳದ ಜಾಲರಿ ಸೇರಿತ್ತು.

ಹತ್ತಿಯನ್ನು ಕಸದ ಡಬ್ಬಕ್ಕೆ ಎಸೆದು, ಕೊಳೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳುವವರು ಯಾರು? ಆದರೆ ಆ ಹೆಣ್ಣುಮಗಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಎದುರಿಗೇ ನಿಂತಿದ್ದರು.

"ಮೇಡಂ, ಇದು ನಾನು ಇಟ್ಟಿದ್ದು," ಎಂದು ಅಕ್ಕನಿಗೆ ಹತ್ತಿ ತೋರಿಸಿದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ನಾಚಿಕೆಗೆ ಕಿವಿ ಬಿಸಿಯಾಗಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಕೋಲೂರಿ ಎದ್ದು ತಂಗಿಯ ಹತ್ತಿರ ಹೋದರು. "ಹದಿನೈದು ದಿನದಿಂದ ನಿನ್ನ ಅರೆದು ಹಾಕ್ಬುಟ್ಟೆ. ತಪ್ಪಾಯ್ತು ಕಣೇ," ಎಂದರು. ತಂಗಿ ಆಗ ಜೋರಾಗಿ ಅತ್ತರು.

ನಾನು ಮತ್ತೆ ಕಾರಿನಡಿ ಸೇರಿದೆ. ಇಷ್ಟು ದಿನ ಆಯಿಲ್ ಸಾಲದೆ ಬೇರಿಂಗ್ ನಿಜಕ್ಕೂ ಹೋಗಿದ್ದರೆ ಆ ಪಾಪ ನನ್ನದೇ. ಒಂದನ್ನು ಬಿಚ್ಚಿ ನೋಡಿದೆ, ಗೀರಿಲ್ಲ, ಹೊಳೆಯುತ್ತಿತ್ತು. ದೇವರೇ ಕಾಪಾಡಿದ. ಜಾಲರಿ ತೊಳೆದು, ಹೊಸ ಫಿಲ್ಟರು, ಹೊಸ ಆಯಿಲ್ ಹಾಕಿ ಮುಚ್ಚಳ ಎರಡು ಸಲ ಮುಟ್ಟಿ ನೋಡಿದೆ. ಮುಕ್ಕಾಲು ಗಂಟೆ ಇಂಜಿನ್ ಓಡಿಸಿದೆ. ಬಿಸಿಯಾಯಿತು, ಮುಳ್ಳು ಏರಿದ ಜಾಗದಿಂದ ಹೆಚ್ಚು ಇಳಿಯಲಿಲ್ಲ.

"ಈ ಇಂಜಿನ್ ಇನ್ನೂ ಹತ್ತು ವರ್ಷ ಓಡುತ್ತೆ ಮೇಡಂ," ಎಂದೆ. ಅದನ್ನು ಹೇಳುವಾಗ ನನಗೆ ಒಂದು ಕೂದಲೆಳೆಯಷ್ಟೂ ಅನುಮಾನ ಇರಲಿಲ್ಲ.

ತಂಗಿ ಮೊಬೈಲಿನಲ್ಲಿ ಗುಜರಿಯವನ ನಂಬರು ಒತ್ತಿ ನನ್ನ ಕಡೆ ಚಾಚಿದರು. "ಬರಬೇಡ ಅಂತ ನೀವೇ ಹೇಳಿ," ಎಂದರು.

ಹೇಳಿದೆ. "ಯಾಕೆ, ಇಂಜಿನ್ ಕೆಟ್ಟಿರಲಿಲ್ವಾ?" ಎಂದು ಕೇಳಿದ ಅವನು.

ಅವರಿಬ್ಬರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲಪ್ಪಾ," ಎಂದೆ, "ಕೆಡಿಸಿದ್ದು ನಾನು. ಬೈಸ್ಕೊಂಡಿದ್ದು ಈ ಅಮ್ಮ."