ಎಣ್ಣೆಯ ಬಾಯಿಗೆ ತೀರ್ಥ

ಸಿರುಗುಪ್ಪದ ಆ ಸಾಹುಕಾರರ ಮಾತು ಯಾರಾದರೂ ತೆಗೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅವರ ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಎರಡನೇ ಮಹಾಯುದ್ಧಕ್ಕೂ ಮೊದಲು ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಕಾರು ಅದು. ಇಂಥವರ ಕೈಗೆ ಸಿಕ್ಕಿದ್ದಕ್ಕೆ ಅದಾದರೂ ಏನು ಮಾಡೀತು, ಪಾಪ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಹಳೆಯ ಬಂಗಲೆಯೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಇಂಥ ಕಾರುಗಳನ್ನು ರಿಪೇರಿ ಮಾಡುತ್ತೇನೆ. ಮೊದಲು ಅಪ್ಪ ಮಾಡುತ್ತಿದ್ದ, ಅವನು ಹೋದ ಮೇಲೆ ನಾನು. ಹೆಣ್ಣುಮಗಳ ಕೈಯಲ್ಲಿ ಸ್ಪ್ಯಾನರ್ ಕಂಡು "ಗಂಡಸ್ರು ಯಾರೂ ಇಲ್ಲೇನ್ರಿ?" ಎಂದು ಕೇಳುವವರಿಗೆ, "ಅದಾರ, ಕಾರಿನ ಕೆಳಗ ಮಲಗ್ಯಾರ, ಬಗ್ಗಿ ನೋಡ್ರಿ" ಎನ್ನುತ್ತೇನೆ. ಬಗ್ಗಿ ನೋಡಿದವರೂ ಇದ್ದಾರೆ.

ಈ ಕಸುಬಿನಲ್ಲಿ ನನ್ನ ತಲೆ ತಿಂದದ್ದು ಕಾರುಗಳಲ್ಲ, ಅವುಗಳ ಮಾಲೀಕರು. ಅಜ್ಜನ ಕಾಲದ ಕಾರು ನಮ್ಮದು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅದರ ಎಣ್ಣೆ ಬದಲಿಸಿ ಎಂದರೆ ಮುಖ ಸಿಂಡರಿಸುತ್ತಾರೆ. ಹಿತ್ತಾಳೆಯ ದೀಪ ಕೀಳಿಸಿ ಬಣ್ಣಬಣ್ಣದ ಬಲ್ಬು ಹಾಕಿಸುತ್ತಾರೆ. ಒಬ್ಬ ಮಹಾನುಭಾವರಂತೂ ಲಾರಿಯ ಹಾರ್ನ್ ಕೂಡಿಸಿಕೊಂಡು ಬಂದು, ಹೇಗಿದೆ ಎಂದು ನನ್ನನ್ನೇ ಕೇಳಿದ್ದರು. ನಾನು ಹೇಳಿದ ಮೇಲೆ ಮತ್ತೆ ಬರಲಿಲ್ಲ.

ಸಿರುಗುಪ್ಪದವರದು ಅಕ್ಕಿ ಗಿರಣಿ. ಕಾರು ಕೊಂಡವರು ಈ ಸಾಹುಕಾರರ ಅಜ್ಜ. ಅವರು ಇರುವ ತನಕ ಅಪ್ಪನೇ ಅದನ್ನು ನೋಡಿಕೊಂಡ. ಆ ಇಂಜಿನ್ನಿನ ಬೇರಿಂಗುಗಳು ಅಪ್ಪನ ಕೈಯವು. ಈಗಿನ ಕಾರಿಗೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಆ ಕಾಲದ ಕಾರಿಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹವನ್ನು ಕರಗಿಸಿ, ಹೊಯ್ದು, ಕೈಯಿಂದಲೇ ಮಾಡಬೇಕು. ಅಪ್ಪ ಕುಲುಮೆಯ ಮುಂದೆ ಕೂತು ಕರಗಿದ ಲೋಹದೊಳಗೆ ಒಣ ಬೇವಿನ ಕಡ್ಡಿ ಅದ್ದಿ ಎತ್ತುತ್ತಿದ್ದ. ಕಡ್ಡಿ ಕಂದಿದರೆ ಹದ, ಹೊತ್ತಿಕೊಂಡರೆ ಕೆಟ್ಟಿತು. ಹೊಯ್ದದ್ದು ಆರಿದ ಮೇಲೆ, ಶಾಫ್ಟಿಗೆ ನೀಲಿ ಬಣ್ಣ ಸವರಿ ಅದರಲ್ಲಿ ತಿರುಗಿಸಿ, ನೀಲಿ ಅಂಟಿದಲ್ಲೆಲ್ಲ ಕೂದಲೆಳೆಯಷ್ಟು ಕೆರೆಯುವುದು. ಮತ್ತೆ ಸವರುವುದು, ಮತ್ತೆ ಕೆರೆಯುವುದು. ಆ ಕಾರಿಗೆ ಹೊಯ್ದ ವರ್ಷವೇ ಅವನ ಕೈ ನಡುಗತೊಡಗಿತು. "ಇದು ನನ್ನ ಕಡೀದವ್ವ" ಎಂದ. ಅವನು ಹೊಯ್ದ ಬೇರೆ ಇಂಜಿನ್ನುಗಳೆಲ್ಲ ಗುಜರಿಗೆ ಹೋಗಿವೆ. ಅಪ್ಪನ ಕೈಕೆಲಸ ಎಂದು ಉಳಿದಿದ್ದರೆ ಅದು ಆ ಕಾರಿನೊಳಗೆ ಮಾತ್ರ.

ಅಜ್ಜ ತೀರಿಕೊಂಡ ಮೇಲೆ ಮೊಮ್ಮಗ ಸಾಹುಕಾರರು ಕಾರನ್ನು ಗಿರಣಿಯ ಗೋದಾಮಿನಲ್ಲಿ ಭತ್ತದ ಹೊಟ್ಟಿನೊಳಗೆ ಹೂತಿಟ್ಟರು. ಹೊಟ್ಟಿನಲ್ಲಿ ಇಟ್ಟದ್ದು ಕೆಡುವುದಿಲ್ಲವಂತೆ. ಮಾವಿನಕಾಯಿ ಹಣ್ಣು ಮಾಡುವ ಬುದ್ಧಿಯನ್ನು ಕಾರಿಗೂ ಉಪಯೋಗಿಸಿದ್ದರು. ವರ್ಷಗಳ ಮೇಲೆ ನನ್ನನ್ನು ಕರೆಸಿ ತೋರಿಸುವಷ್ಟರಲ್ಲಿ ಹೊಟ್ಟು ಥಂಡಿ ಹಿಡಿದು, ಬಾಗಿಲ ಚೌಕಟ್ಟಿನ ಮರ ಕೊಳೆತು, ಸೀಟಿನೊಳಗೆ ತುಂಬಿದ್ದ ಕುದುರೆ ಕೂದಲಲ್ಲಿ ಇಲಿಗಳು ಸಂಸಾರ ಹೂಡಿದ್ದವು. ನಾನು ಅಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಸಾಹುಕಾರರು ಮೊಬೈಲ್ ನೋಡುತ್ತಾ, "ಆತು ಬಿಡ್ರಿ ಅಕ್ಕಾರ, ಕುರುಗೋಡಿನಾಗ ಹೊಸಾ ಮಿಲ್ ಚಾಲೂ ಮಾಡಾಕತ್ತೀವಿ. ಅವತ್ತ ಇದರಾಗ ಹೋಗ್ಬೇಕು. ಜೀಪಿನ ಡೀಸೆಲ್ ಇಂಜಿನ್ ಕೂಡಿಸಿ ಬಿಡ್ರಿ, ಹಳೇದು ಬ್ರೂಸ್‌ಪೇಟೆ ಗುಜರಿಗೆ ಒಗೀರಿ" ಎಂದರು.

ಒಗೀರಿ ಅಂತೆ. ನಾನು ಹಲ್ಲು ಕಡಿದುಕೊಂಡು, "ಇದ ಇಂಜಿನ್‌ನಾಗ ಹೋಗ್ತೀರಿ. ನಾ ಮಾಡಿ ಕೊಡ್ತೀನಿ" ಎಂದೆ.

"ಆ ದಿನ ಮುಹೂರ್ತಕ್ಕ ಸರಿಯಾಗಿ ಕುರುಗೋಡು ಮುಟ್ಟಿಸಿದ್ರ ಇದ ಇಂಜಿನ್ ಇರಲಿ. ಎಲ್ಲ್ಯಾರ ಕೈ ಕೊಡ್ತಂದ್ರ ಡೀಸೆಲ್. ಆಮ್ಯಾಲೆ ನೀವು ಬಾಯಿ ತೆಗೀಬಾರ್ದು."

ಒಪ್ಪಿಕೊಂಡೆ. ಲಾರಿಯ ಮೇಲೆ ಕಾರು ಕಂಟೋನ್ಮೆಂಟಿಗೆ ಬಂತು. ಕೊಳೆತ ಮರ ತೆಗೆಸಿ ತೇಗದ ಚೌಕಟ್ಟು ಮಾಡಿಸಿದೆ. ಪೆಟ್ರೋಲ್ ಟ್ಯಾಂಕಿನ ತುಕ್ಕು ತೊಳೆದೆ, ಕಾರ್ಬುರೇಟರ್ ಬಿಚ್ಚಿ ಕಟ್ಟಿದೆ. ಕೊನೆಗೆ ಇಂಜಿನ್ನಿನ ತಳ ಬಿಚ್ಚಿದೆ. ಬೇರಿಂಗ್ ಮೇಲೆ ಉಗುರು ಎಳೆದು ನೋಡಿದೆ, ಒಂದು ಗೀರೂ ಇಲ್ಲ. ಅಪ್ಪ ಕೆರೆದ ಗುರುತುಗಳು ಹಾಗೇ ಇದ್ದವು. ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಅತ್ತೆ. ಹೊಸ ಎಣ್ಣೆ ತುಂಬಿ, ಚಾಲೂ ಮಾಡಿ, ನಾನೇ ಓಡಿಸಿಕೊಂಡು ಸಿರುಗುಪ್ಪ ಮುಟ್ಟಿಸಿದೆ. ದಾರಿಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ.

ಹೊಸ ಮಿಲ್ಲಿನ ಮುಹೂರ್ತದ ದಿನ ಬೆಳಿಗ್ಗೆ ಸಿರುಗುಪ್ಪದ ಗಿರಣಿಯ ಅಂಗಳದಲ್ಲಿ ಪೂಜೆ. ಬಾನೆಟ್ ಎತ್ತಿಟ್ಟು, ಹೂವಿನ ಹಾರ ಹಾಕಿ, ರೇಡಿಯೇಟರಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದರು. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ, ನಮ್ಮ ಶೆಡ್ಡಿನಲ್ಲೂ ಎಳೆಯುತ್ತೇವೆ. ಆದರೆ ಆ ಮನೆಯಲ್ಲೊಂದು ಪದ್ಧತಿ ಇತ್ತು. ಹಿಂದೆ ಗಿರಣಿ ಓಡಿಸುತ್ತಿದ್ದ ಆಯಿಲ್ ಇಂಜಿನ್ನಿನ ತಲೆಯ ಮೇಲೆ ನೀರಿನ ತೊಟ್ಟಿ ಇರುತ್ತಿತ್ತು. ಯಾವ ಯಂತ್ರ ಬಂದರೂ ಮನೆಯ ಹಿರಿಯ ಹೆಣ್ಣುಮಗಳು ಅದರ ನೀರಿನ ಬಾಯಿಗೆ ಒಂದು ಚೊಂಬು ತುಂಗಭದ್ರೆಯ ನೀರು ಹೊಯ್ದ ಮೇಲೆಯೇ ಚಾಲೂ ಮಾಡಬೇಕು. ಸಾಹುಕಾರರ ತಾಯಿ, ಮೊಣಕಾಲು ನೋವಿನ ಮುದುಕಿ, ಚೊಂಬು ಹಿಡಿದು ಬಂದರು. ಇಂಜಿನ್ನಿನ ನೆತ್ತಿಯ ಮೇಲೆ ನಾನೇ ಉಜ್ಜಿ ಹೊಳೆಯಿಸಿದ್ದ ಹಿತ್ತಾಳೆಯ ಮುಚ್ಚಳ ಕಂಡಿತು. ತಿರುವಿ ತೆಗೆದು, ಕಣ್ಣು ಮುಚ್ಚಿ, ಶಿವನನ್ನು ನೆನೆದು ಪೂರ್ತಿ ಹೊಯ್ದರು.

ಅದು ಎಣ್ಣೆ ಹಾಕುವ ಬಾಯಿ.

ನಾನು ಹಿಂದಿನ ಚಕ್ರದ ಗಾಳಿ ನೋಡುತ್ತಿದ್ದೆ. ಎದ್ದು ಬರುವಷ್ಟರಲ್ಲಿ ಚೊಂಬು ಬರಿದಾಗಿತ್ತು. "ಚಾಲೂ ಮಾಡಬ್ಯಾಡ್ರಿ!" ಎಂದು ಕಿರುಚಿದೆ. ನೀರು ಎಣ್ಣೆಯ ತಳಕ್ಕೆ ಇಳಿದಿರುತ್ತದೆ, ಪಂಪು ಮೊದಲು ಎಳೆಯುವುದೇ ಅದನ್ನು, ಎಣ್ಣೆಯಿಲ್ಲದ ಬೇರಿಂಗ್ ಕುರುಗೋಡು ಮುಟ್ಟುವುದರೊಳಗೆ ಬೆಣ್ಣೆಯಂತೆ ಕರಗುತ್ತದೆ ಎಂದು ವಿವರಿಸಿದೆ. ತಳದ ಬೋಲ್ಟ್ ಬಿಚ್ಚಿ ಎಲ್ಲ ಇಳಿಸಿ ಹೊಸ ಎಣ್ಣೆ ತುಂಬಬೇಕು, ಸ್ವಲ್ಪ ಹೊತ್ತು ಕೊಡಿ ಎಂದೆ.

ಸಾಹುಕಾರರ ಮುಖ ಕೆಂಪಾಯಿತು. "ನಮ್ಮವ್ವ ಹಾಕಿದ ತೀರ್ಥ ಗಟಾರಕ್ಕ ಬಿಡ್ತೀಯೇನು? ಇಷ್ಟ ಮಂದಿ ಮುಂದ? ಇನ್ನೇನ ರಾಹುಕಾಲ ಬರ್ತೈತಿ. ಸರಿ ಆಚಿ." ಅವರ ಬಾಯಲ್ಲಿ 'ಅಕ್ಕಾರ' ಹೋಗಿ ನಾನು ಏಕವಚನಕ್ಕೆ ಇಳಿದಿದ್ದೆ. ಅವರು ಸ್ಟೇರಿಂಗ್ ಮುಂದೆ ಕೂತರು.

ಕಾರು ತಡೆದರೆ ಪಂದ್ಯ ಸೋಲುತ್ತೇನೆ ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಅಪ್ಪನ ಕೈ ಕರಗುತ್ತದೆ ಎಂದೂ ಗೊತ್ತಿತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಹೆಬ್ಬೆರಳಿನಷ್ಟು ರೋಟರನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಅದಿಲ್ಲದೆ ಇಂಜಿನ್ನಿಗೆ ಕಿಡಿ ಇಲ್ಲ. ಮುಚ್ಚಳ ತೆಗೆದಿದ್ದನ್ನು ಕಂಡವರು ಅದನ್ನೂ ಪೂಜೆಯ ಭಾಗ ಎಂದುಕೊಂಡಿರಬೇಕು. ಸಾಹುಕಾರರು ಸ್ವಿಚ್ ಒತ್ತಿದರು, ಒತ್ತಿದರು. ಇಂಜಿನ್ ಖಾಲಿ ತಿರುಗಿ ನಿಂತಿತು. ನಾಲ್ಕು ಸುತ್ತಿಗೆ ಬೇರಿಂಗಿಗೆ ಏನೂ ಆಗುವುದಿಲ್ಲ. ಜನ ನಕ್ಕರು.

ಅವರು ಇಳಿದು ಬಂದು, "ಕೈ ಕೊಡ್ತಲ್ಲ, ಇನ್ನ ಡೀಸೆಲ್ಲ. ಮೂರು ಕಾಸಿನ ಮೆಕ್ಯಾನಿಕ್ಕು" ಎಂದರು. ನಾನೂ ಬಿಡಲಿಲ್ಲ, "ಕಾರು ಇಟ್ಕೊಳ್ಳೋ ಯೋಗ್ಯತಿ ಇಲ್ರಿ ನಿಮಗ, ಹೊಟ್ಟಿನಾಗ ನೀವ ಹೋಗಿ ಮಲಗ್ರಿ" ಎಂದೆ. ಎಲ್ಲರೂ ಹೊಸ ಕಾರುಗಳಲ್ಲಿ ಕುರುಗೋಡಿಗೆ ಹೊರಟರು. ಅಂಗಳದಲ್ಲಿ ಉಳಿದವರು ಮುದುಕಿ ಮತ್ತು ನಾನು.

ಕಾರಿನ ಕೆಳಗೆ ತೂರಿ ತಳದ ಬೋಲ್ಟ್ ಸಡಿಲಿಸಿದೆ. ಮೊದಲು ನೀರೇ ಬಂತು, ಆಮೇಲೆ ಎಣ್ಣೆ. ಮುದುಕಿ ಚೊಂಬನ್ನು ನನ್ನ ಕಡೆ ನೂಕಿದರು. ಅವರ ತೀರ್ಥ ಅವರ ಚೊಂಬಿಗೇ ಇಳಿಯಿತು, ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು.

"ತಪ್ಪು ಮಾಡಿದ್ನೇನ ಯವ್ವಾ?"

"ಹೌದ್ರಿ ಅಮ್ಮಾರ, ಮಾಡಿದ್ರಿ" ಎಂದೆ. ಸಮಾಧಾನ ಹೇಳುವ ಮನಸ್ಸಿರಲಿಲ್ಲ.

ಹೊಸ ಎಣ್ಣೆ ತುಂಬಿ, ರೋಟರ್ ಕೂಡಿಸಿ, ಚಾಲೂ ಮಾಡಿದೆ. ಒಂದೇ ಒತ್ತಿಗೆ ಹಿಡಿಯಿತು. ಮುದುಕಿ ಬಾನೆಟ್ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೇಳಿದರು. "ಎಷ್ಟ ತಣ್ಣಗ ಓಡ್ತೈತಿ. ನಿಮ್ಮಪ್ಪ ಮಾಡಿದ್ದಲ್ಲೇನು? ನಾ ಹೇಳ್ತೀನಿ ನನ್ನ ಮಗಗ, ತಪ್ಪು ನಂದಂತ" ಎಂದರು. ಹೇಳಿಯೂ ಹೇಳಿದರಂತೆ. ಮಗ ಕೇಳಲಿಲ್ಲ. ಬೇರೆ ಗ್ಯಾರೇಜಿನಲ್ಲಿ ಡೀಸೆಲ್ ಇಂಜಿನ್ ಕೂತಿತು. ಹಳೆಯದನ್ನು ಟ್ರ್ಯಾಕ್ಟರಿನಲ್ಲಿ ತಂದು ನನ್ನ ಗೇಟಿನ ಮುಂದೆ ಇಳಿಸಿ ಹೋದರು. ಗುಜರಿಗೆ ಹಾಕಲಿಲ್ಲವಲ್ಲ, ಅದು ಆ ತಾಯಿಯ ಮಾತಿನ ಪುಣ್ಯವೇ ಇರಬೇಕು.

ಮೊನ್ನೆ ಬೇಸಿಗೆಯಲ್ಲಿ ಸಾಹುಕಾರರು ಹಣ್ಣಿನ ಬುಟ್ಟಿ ಹಿಡಿದು ಶೆಡ್ಡಿಗೆ ಬಂದರು. ಹಳೆಯ ಕಾರುಗಳ ಮೆರವಣಿಗೆಯೊಂದರಲ್ಲಿ, ಜೀಪಿನ ಇಂಜಿನ್ ಇರುವ ಕಾರು ಬೇಡ ಎಂದು ಎಲ್ಲರ ಮುಂದೆ ಹೊರಗೆ ನಿಲ್ಲಿಸಿದ್ದರಂತೆ. ನನಗೆ ಬಹಳ ಖುಷಿಯಾಯಿತು. ಮುಚ್ಚಿಡಲೂ ಇಲ್ಲ.

"ಆ ಇಂಜಿನ್ ತಿರುಗಿ ಕೂಡಿಸಿ ಕೊಡ್ರಿ ಅಕ್ಕಾರ. ನೀವು ಹೇಳಿದಂಗ ಕೇಳ್ತೀನಿ."

"ನಿಮ್ಮ ಅಮ್ಮಾರು ಬಂದು ಕೇಳಲಿ, ಕೊಡ್ತೀನಿ" ಎಂದೆ.

ಅವರು ಬುಟ್ಟಿ ಕೆಳಗಿಟ್ಟರು. "ಅವ್ವ ಹೋಗಿ ವರ್ಷಾತ್ರಿ."

ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು. "ಹಂಗಾರ ಇಲ್ಲ" ಎಂದೆ.

ಅವರ ಕಾರು ಹೊಗೆ ಉಗುಳುತ್ತಾ ತಿರುವಿನಲ್ಲಿ ಮರೆಯಾದ ಮೇಲೆ, ಗೋಣಿತಟ್ಟು ಸರಿಸಿ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ಸದ್ದಿಲ್ಲದೆ ತಿರುಗಿತು. ಎಲ್ಲಿಗೂ ಹೋಗದೆ, ಮರದ ದಿಮ್ಮಿಯ ಮೇಲೆ ಕೂತು ತಿರುಗಿತು. ಅಪ್ಪ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದ. ಬೈದಾದರೂ ಕೊಡುತ್ತಿದ್ದ.