ಮೋರಖಂಡಿತನಕ ಒಂದೇ ಪಾಸ್‌ವರ್ಡ್

ಗೆಳೆಯರೇ, ನಾಲ್ಕು ದಿನಗಳಿಂದ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಯಾವ ವೆಬ್‌ಸೈಟ್ ತೆರೆದರೂ ಲಾಟರಿಯ ಪುಟವೇ ಬರುತ್ತಿತ್ತು. ಮಗಳ ಬಿ.ಎಡ್. ಅರ್ಜಿಗೆ ಇಂದೇ ಕೊನೆಯ ದಿನ. ಹುಮನಾಬಾದಿನಿಂದ ಇಂಟರ್ನೆಟ್ ಮೆಕ್ಯಾನಿಕ್ ಬಂದ.

"ರೂಟರಿನ ಹಳೇ ಸಾಫ್ಟ್‌ವೇರಿನಾಗ ಕಿಂಡಿ ಇರ್ತಾವಂತ, ಕಳ್ಳರು ಹೊಗತಾರಂತ, ಪೇಪರಿನಾಗ ಓದೀನಿ. ಹೊಸಾದು ಹಾಕು, ಪಾಸ್‌ವರ್ಡೂ ಬದಲಿಸು" ಎಂದೆ.

"ಪಾಸ್‌ವರ್ಡ್ ಬ್ಯಾಡ್ರಿ ಸರ. ಇಲ್ಲಿಂದ ಮೋರಖಂಡಿ ಊರಿನತನಕ ಎಲ್ಲಾರ ಮನ್ಯಾಗೂ ಒಂದೇ ಇಟ್ಟೀನಿ. ಬ್ಯಾರೆ ಬ್ಯಾರೆ ಇಟ್ರ ನನಗ ಹ್ಯಾಂಗ ನೆನಪಿರಬೇಕ್ರಿ?"

"ಕಳ್ಳಗೂ ಅಷ್ಟೇ ಸಲೀಸಾತಲ್ಲಪಾ."

ಸ್ವಲ್ಪ ಯೋಚಿಸಿ ಎರಡನ್ನೂ ಬದಲಿಸಿದ. ಲಾಟರಿ ಮಾಯವಾಯಿತು, ಅರ್ಜಿ ಸಲ್ಲಿಕೆಯಾಯಿತು. ಹೊರಡುವಾಗ ನನ್ನ ಹೊಸ ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದುಕೊಂಡ.

"ಇದು ಛಲೋ ಅದರಿ ಸರ. ನಾಳಿಂದ ಎಲ್ಲಾರಿಗೂ ಇದನ್ನೇ ಹಾಕತೀನಿ."

ನಾನು ಊರನ್ನು ಕಾಪಾಡಿದೆನೋ, ಕಳ್ಳರಿಗೆ ಹೊಸ ಕೀಲಿಕೈ ಮಾಡಿಸಿಕೊಟ್ಟೆನೋ, ಇನ್ನೂ ತಿಳಿಯುತ್ತಿಲ್ಲ.