ಕತ್ತಲೆಯಲ್ಲಿ ಬಳೆ ಎಣಿಸಿದ ಕೈ

ನಾನು ದೇವರನ್ನು ನಂಬುವವಳು. ಸ್ನಾನವಾಗಿ ದೀಪ ಹಚ್ಚದೆ ಚಹಾ ಕುಡಿದವಳಲ್ಲ. ಆದರೆ ಸತ್ತವರು ಬಂದು ಹೋದರು, ಯಾರೋ ಸುಳಿದಂತಾಯಿತು ಎಂಬ ಮಾತು ಯಾರಾದರೂ ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಬದುಕಿದ್ದಾಗ ಇಷ್ಟು ದುಡಿದವರಿಗೆ ಸತ್ತ ಮೇಲೂ ತಿರುಗಾಟ ಯಾಕೆ ಎಂಬುದು ನನ್ನ ವಾದ. ಆ ವಾದವನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಹಾಗಾಗಿ ಓದುವವರು ಇದನ್ನು ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಾವು ಬಾಗಲಕೋಟೆ ಕಡೆಯವರು. ಮದುವೆಯಾದಾಗಿನಿಂದ ಹೈದರಾಬಾದಿನಲ್ಲೇ, ಕಾಚಿಗೂಡದ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದೇವೆ. ನಮ್ಮ ಯಜಮಾನರದು ಸರಾಫಿ ಅಂಗಡಿಯಲ್ಲಿ ಕೆಲಸ. ಒಡವೆಯ ಬೆಸುಗೆ, ಕೊಂಡಿ ಸರಿ ಇದೆಯೇ ಅಂತ ಪರೀಕ್ಷೆ ಮಾಡಿ ತೆಗೆದುಕೊಳ್ಳುವುದು. ಕಣ್ಣೇ ಅವರ ಅನ್ನ. ಒಂದು ದಿನ ಊಟಕ್ಕೆ ಕೂತವರು, "ಏ, ಈ ಬಾಗಲಾ ಡೊಂಕಾಗೇತಿ ನೋಡ. ಬಡಿಗ್ಯಾನ್ನ ಕರಸು," ಅಂದರು.

"ಬಾಗಲಾ ನೆಟ್ಟಗ ಐತ್ರಿ. ನಿಮ್ಮ ಕಣ್ಣಿಗೆ ಬಡಿಗ್ಯಾನ್ನ ಕರಸ್ತೀನಿ," ಅಂತ ನಾನು ನಕ್ಕೆ.

ಡಾಕ್ಟರಿಗೆ ತೋರಿಸಿದ ಮೇಲೆ ಆ ನಗು ಹೋಯಿತು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ತುಂಬಿ ಬಾವು ಬಂದಿತ್ತು. ಬಲಗಣ್ಣು ಆಗಲೇ ಬಹಳ ಕೆಟ್ಟಿತ್ತು. ಎಡಗಣ್ಣನ್ನು ಉಳಿಸಿಕೊಳ್ಳಬಹುದು, ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಬೇಕು, ತಡ ಮಾಡಬೇಡಿ ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಯಜಮಾನರು ಒಂದೇ ಮಾತು ಆಡಿದರು: "ಅವ್ವನ ಹಾದೀನ ನನಗೂ ಬಂತು."

ಅವ್ವ ಅಂದರೆ ನನ್ನ ಅತ್ತೆ. ಅವರಿಗೂ ಸಕ್ಕರೆ ಇತ್ತು. ಕಣ್ಣಿಗೆ ಇಂಥ ಔಷಧವಿದೆ ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ವರ್ಷಗಳನ್ನು ನಮ್ಮ ಮನೆಯಲ್ಲಿ ಪೂರ್ತಿ ಕತ್ತಲೆಯಲ್ಲಿ ಕಳೆದರು. ಹತ್ತಿರ ಹೋದವರು ಯಾರು ಅಂತ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದು, ಹೆಬ್ಬೆರಳಿನಿಂದ ಗಾಜಿನ ಬಳೆಗಳನ್ನು ಒಂದೊಂದಾಗಿ ಮೇಲೆತ್ತಿ, ಕೊನೆಗೆ ಬಂಗಾರದ ಪಾಟ್ಲಿ ಸಿಕ್ಕಾಗ, "ಹಾಂ, ನೀನ ಹೌದು," ಅನ್ನುತ್ತಿದ್ದರು. ಆಮೇಲೆ ಆ ಮಣಿಕಟ್ಟನ್ನು ಹಿಡಿದುಕೊಂಡೇ ಬಚ್ಚಲಿಗೆ, ದೇವರ ಮುಂದಕ್ಕೆ ಬರುತ್ತಿದ್ದರು. ನಾನು ಗಡಿಬಿಡಿಯಲ್ಲಿ ಎಳೆದರೆ, "ಕತ್ತಲಾಗ ಅವಸರ ಮಾಡಬಾರದವ್ವ," ಅಂತ ಕೈಯನ್ನು ಕೆಳಕ್ಕೆ ಒತ್ತುತ್ತಿದ್ದರು. ಅವರು ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು.

ಇಂಜೆಕ್ಷನ್ ಕೊಡುವ ದಿನ ಬಂತು. ಆಸ್ಪತ್ರೆಯಲ್ಲಿ ಆ ಔಷಧ ಮುಗಿದಿತ್ತು. ಕೋಠಿ ಪೇಟೆಯ ಔಷಧದ ಅಂಗಡಿಯಲ್ಲಿದೆ, ತಂದುಕೊಡಿ, ಮಧ್ಯಾಹ್ನ ಡಾಕ್ಟರು ಹೊರಡುವುದರೊಳಗೆ ಬರಬೇಕು ಅಂದರು. ಡಾಕ್ಟರು ಮರುದಿನವೇ ಪರದೇಶಕ್ಕೆ ಹೊರಡುವವರಿದ್ದರು. ಯಜಮಾನರನ್ನು ಅಲ್ಲಿಯೇ ಕೂರಿಸಿ ನಾನು ಆಟೋದಲ್ಲಿ ಹೋದೆ. ಅಂಗಡಿಯವನು ಸಣ್ಣ ಸೀಸೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿ, ಮಂಜುಗಟ್ಟಿದ ಎರಡು ಪೊಟ್ಟಣಗಳ ನಡುವೆ ಇಟ್ಟು, ಮುಚ್ಚಳಕ್ಕೆ ಸುತ್ತಲೂ ಟೇಪು ಹಚ್ಚಿದ. ದಾರಿಯಲ್ಲಿ ತೆರೆಯಬೇಡಿ, ತಂಪು ಹೋದರೆ ಔಷಧ ಹೋಯಿತು, ಇದು ಇದ್ದದ್ದು ಒಂದೇ ಅಂದ.

ನೇರ ಆಸ್ಪತ್ರೆಗೆ ಹೋಗಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ರೂಢಿ. ಹೊಸ ಸೀರೆ ಇರಲಿ, ಪರೀಕ್ಷೆಯ ಹಾಲ್ ಟಿಕೆಟ್ ಇರಲಿ, ಬನಶಂಕರಿಯ ಮುಂದಿಟ್ಟು ಕುಂಕುಮ ಹಚ್ಚದೆ ಬಳಸುವುದಿಲ್ಲ. ಕಣ್ಣಿನೊಳಗೆ ಹೋಗುವ ಔಷಧವನ್ನು ಹಾಗೇ ಒಯ್ಯಲು ನನಗೆ ಮನಸ್ಸಾಗಲಿಲ್ಲ. ಮನೆ ದಾರಿಯಲ್ಲೇ ಇತ್ತು. ಆಟೋದವನಿಗೆ ನಿಲ್ಲಲು ಹೇಳಿದೆ. "ಜಲ್ದಿ ಆನಾ ಅಮ್ಮಾ, ಧೂಪ್ ಬಹುತ್ ಹೈ," ಅಂದ. ಬೇಗ ಬನ್ನಿ, ಬಿಸಿಲು ಬಹಳ ಅಂತ. ಮೇಲೆ ಹೋಗಿ ಮೊಬೈಲನ್ನು ದೇವರ ಕಟ್ಟೆಯ ಮೇಲಿಟ್ಟು, ದೀಪ ಹಚ್ಚಿ, ಡಬ್ಬಿಗೆ ಕುಂಕುಮವಿಟ್ಟು ಕೈಮುಗಿದೆ. ದೇವರ ಧ್ಯಾನದಲ್ಲಿ ಮೊಬೈಲ್ ಅಲ್ಲೇ ಉಳಿಯಿತು.

ಲಿಫ್ಟು ಹತ್ತಿ ಗುಂಡಿ ಒತ್ತಿದೆ. ಸ್ವಲ್ಪ ಕೆಳಗಿಳಿದು, ಒಮ್ಮೆ ಜೋಲಿ ಹೊಡೆದು ನಿಂತಿತು. ದೀಪ, ಫ್ಯಾನು ಎರಡೂ ಹೋದವು. ಎರಡು ಮಹಡಿಗಳ ನಡುವೆ; ಸರಳಿನ ಬಾಗಿಲಾಚೆ ಕೈ ಹಾಕಿ ತಡವಿದರೆ ಬರೀ ಗೋಡೆ. ಗಂಟೆಯ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಕೂಗಿದೆ. ಬಡಿದೆ. ಬೇಸಿಗೆ ರಜೆಗೆ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಉಳಿದವರು ಕೆಲಸಕ್ಕೆ ಹೋಗಿದ್ದರು. ನನ್ನ ದನಿ ನನ್ನ ಕಿವಿಗೇ ವಾಪಸು ಬಂತು. ಎಲ್ಲಿಂದಲೋ ಒಂದೆಳೆ ಗಾಳಿ ಬರುತ್ತಿತ್ತು. ಅದೊಂದು ಪುಣ್ಯ ಅಂದುಕೊಂಡೆ. ಡಬ್ಬಿ ಕೈಯಲ್ಲಿದೆ, ಅದು ಇನ್ನೊಂದು ಪುಣ್ಯ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ತಗಡಿನ ಗೋಡೆಗಳು ಕಾದ ಹಂಚಿನಂತಾದವು. ಸೆರಗು ಒದ್ದೆಯಾಯಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ಅಲ್ಲಿ ಯಜಮಾನರು ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ, ಡಾಕ್ಟರು ಗಡಿಯಾರ ನೋಡುತ್ತಿರುತ್ತಾರೆ ಅಂತ ನೆನೆದು ಮತ್ತೆ ಬಾಗಿಲು ಬಡಿದೆ. ತಲೆ ತಿರುಗತೊಡಗಿತು. ಡಬ್ಬಿ ಎದೆಗೆ ತಾಗಿದಲ್ಲಿ ಮಾತ್ರ ಸ್ವಲ್ಪ ತಂಪು. ಮುಚ್ಚಳ ತೆಗೆದು ಒಂದು ಪೊಟ್ಟಣ ಮುಖಕ್ಕೆ ಒತ್ತಿಕೊಂಡರೆ ಜೀವ ಉಳಿದೀತು, ಒಂದೇ ಕ್ಷಣ, ಮತ್ತೆ ಮುಚ್ಚಿದರಾಯಿತು ಅನ್ನಿಸಿತು. ಮಂಜು ಇನ್ನೂ ಇದೆಯೋ, ನೀರಾಯಿತೋ ಅಂತಲೂ ನೋಡಬೇಕಿತ್ತು. ಟೇಪಿನ ತುದಿಗೆ ಉಗುರು ಹಾಕಿದೆ.

ಆಗ ನನ್ನ ಬಳೆ ಸದ್ದು ಮಾಡಿತು.

ಡಬ್ಬಿ ಹಿಡಿದ ಎಡಗೈ ಅಲುಗಾಡಿರಲಿಲ್ಲ. ಒಂದು ಬಳೆ ಮೇಲೆ ಹೋಗಿ ಬಿತ್ತು. ಆಮೇಲೆ ಇನ್ನೊಂದು. ಸಾವಕಾಶವಾಗಿ, ಒಂದಾದ ಮೇಲೊಂದು. ಬಳೆಗಳ ಕೆಳಗೆ ಚರ್ಮದ ಮೇಲೆ ಒರಟಾದ ಒಂದು ಬೆರಳು ಸರಿಯುವುದು ನನಗೆ ಸ್ಪಷ್ಟವಾಗಿ ತಿಳಿಯಿತು. ಅದು ಪಾಟ್ಲಿಯವರೆಗೆ ಬಂದು ನಿಂತಿತು. ಮಾತಿಲ್ಲ, ಉಸಿರಿನ ಸದ್ದೂ ಇಲ್ಲ. ಆಮೇಲೆ ಮಣಿಕಟ್ಟಿನ ಮೇಲೆ ಹಿಡಿತ ಬಿಗಿಯಾಗಿ, ನನ್ನ ಕೈಯನ್ನು ನಿಧಾನಕ್ಕೆ ಕೆಳಕ್ಕೆ ಒತ್ತಿತು.

ನಾನು ಕೂತೆ. ಕೂತೆ ಅನ್ನುವುದಕ್ಕಿಂತ ಕೂರಿಸಿದಂತಾಯಿತು. ಟೇಪಿನ ಮೇಲಿದ್ದ ಉಗುರು ತಾನೇ ಸರಿಯಿತು. ಕಿರುಚಬೇಕು ಅನ್ನಿಸಲಿಲ್ಲ. ಬನಶಂಕರಿಯ ಹೆಸರು ಹೇಳುವುದೂ ನೆನಪಾಗಲಿಲ್ಲ. ಡಬ್ಬಿ ತೊಡೆಯ ಮೇಲೆ, ನನ್ನ ಕೈ ಡಬ್ಬಿಯ ಮೇಲೆ, ಆ ಹಿಡಿತ ನನ್ನ ಕೈಯ ಮೇಲೆ. ಎಷ್ಟೋ ಹೊತ್ತು ಹಾಗೇ ಇದ್ದೆವು. ಇದ್ದೆವು ಅಂತಲೇ ಬರೆಯುತ್ತೇನೆ. ಇದ್ದೆ ಅಂತ ಬರೆದರೆ ಸುಳ್ಳು ಬರೆದಂತಾಗುತ್ತದೆ.

ಕರೆಂಟು ಬಂದು ದೀಪ ಹೊತ್ತಿದಾಗ ಲಿಫ್ಟಿನಲ್ಲಿ ನಾನೊಬ್ಬಳೇ ಇದ್ದೆ. ಕೆಳಗೆ ವಾಚ್‌ಮನ್ ನನ್ನನ್ನು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ ಅಮ್ಮಾ, ಲೋಪಲ ಮೀರು ಉನ್ನಾರಾ?" ಒಳಗೆ ನೀವಿದ್ದಿರಾ ಅಂತ. ಅವನು ನೀರಿನ ಟ್ಯಾಂಕರಿನವರ ಜೊತೆ ಹಿತ್ತಲಲ್ಲಿದ್ದನಂತೆ. ಆಟೋದವನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ಎದ್ದು, "ಕ್ಯಾ ಅಮ್ಮಾ, ಪೂರಾ ಪುರಾಣ ಪಢ್ಕೆ ಆಯೇ ಕ್ಯಾ?" ಅಂದ. ಪೂರ್ತಿ ಪುರಾಣ ಓದಿ ಬಂದಿರಾ ಅಂತ. ಬೈಯಲೂ ನನಗೆ ತ್ರಾಣವಿರಲಿಲ್ಲ. ಕಾದಿದ್ದನಲ್ಲ, ಅದೂ ಪುಣ್ಯವೇ.

ಡಾಕ್ಟರು ಇನ್ನೂ ಹೊರಟಿರಲಿಲ್ಲ. ನರ್ಸು ಟೇಪು ಕತ್ತರಿಸಿ ಮುಚ್ಚಳ ತೆಗೆದಳು. ಪೊಟ್ಟಣಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಮೇಲೆ ಬಿಳಿ ಹಿಮ. ಪಕ್ಕದ ಅಂಗಡಿಯಿಂದಲೇ ತಂದಿರಾ, ಈಗಷ್ಟೇ ಫ್ರಿಜ್ಜಿನಿಂದ ತೆಗೆದ ಹಾಗಿದೆ ಅಂದಳು.

ಯಜಮಾನರ ಕಣ್ಣಿಗೆ ಆಗಲೇ ಪಾಪೆ ಅಗಲಿಸುವ ಹನಿ ಹಾಕಿದ್ದರು. ನನ್ನ ದನಿ ಕೇಳಿ ನಾನಿದ್ದ ಕಡೆ ತಿರುಗಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

"ಬಂದ್ಯಾ? ನಿನ್ನ ಜೋಡಿ ಯಾರ ಬಂದಾರ?"

"ಯಾರೂ ಇಲ್ಲಲ್ರಿ."

"ನಿನ್ನ ಕೈ ಹಿಡಕೊಂಡ ನಿಂತಾರಲ್ಲ? ಅವರಿಗೊಂದ ಕುರ್ಚಿ ಕೊಡು," ಅಂದರು. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು.

ಲಿಫ್ಟಿನ ಮಾತು ನಾನು ಆಗಿನ್ನೂ ಯಾರಿಗೂ ಹೇಳಿರಲಿಲ್ಲ.

ಇಂಜೆಕ್ಷನ್ ಚಿವುಟಿದಷ್ಟೇ ನೋವಂತೆ. ಮರುದಿನ ಸಂಜೆಯವರೆಗೂ ನೋಟದ ಕೆಳಭಾಗದಲ್ಲಿ ಎಳ್ಳು ತೇಲಿದಂತೆ ಕರಿ ಚುಕ್ಕೆಗಳು ಕಂಡು, ಆಮೇಲೆ ಹೋದವು. ತಿಂಗಳಿಗೊಂದರಂತೆ ಮೂರನೆಯ ಇಂಜೆಕ್ಷನ್ ಆದ ಮೇಲೆ ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ, "ಬಾಗಲಾ ನೆಟ್ಟಗಾತು ನೋಡ. ಬಡಿಗ್ಯಾ ಶ್ಯಾಣ್ಯಾ ಅದಾನ," ಅಂದರು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ದಿನದ ಮಾತನ್ನು ಒಮ್ಮೆ ಕೇಳಿಯೂ ನೋಡಿದೆ. "ಹನಿ ಹಾಕಿದ್ರು, ಗ್ವಾಡಿನೂ ಮನಿಷ್ಯಾ ಆಗಿ ಕಾಣತಿತ್ತು. ಏನ ಕಂಡೆನೋ, ಏನ ಅಂದೆನೋ," ಅಂದರು. ಥರ್ಮಾಕೋಲಿನಲ್ಲಿ ಮಂಜು ಅಷ್ಟು ಹೊತ್ತು ಉಳಿಯುತ್ತದೆ ಅಂತ ಅಂಗಡಿಯವನೂ ಹೇಳಿದ. ಸೆಖೆಗೆ, ಹೆದರಿಕೆಗೆ ಕೈಕಾಲು ಜೋಮು ಹಿಡಿದು ಏನೇನೋ ತಿಳಿಯುತ್ತದೆ ಅಂತ ನನ್ನ ತಂಗಿ ಹೇಳಿದಳು. ಮೂರೂ ಸರಿಯಾಗಿಯೇ ಇವೆ. ಒಂದೊಂದನ್ನೇ ಕೇಳಿದಾಗ ಒಪ್ಪುತ್ತೇನೆ. ಮೂರನ್ನೂ ಕೂಡಿಸಿದಾಗ ಒಪ್ಪಲು ಆಗುವುದಿಲ್ಲ. ನಮ್ಮ ದೇವಿಯೇ ಬಂದಳು ಅನ್ನೋಣವೆಂದರೆ, ದೇವಿ ಯಾಕೆ ನನ್ನ ಬಳೆ ಎಣಿಸುತ್ತಾಳೆ? ಅವಳಿಗೆ ಕಣ್ಣಿದೆಯಲ್ಲ.

ಈಗಲೂ ಇಂಜೆಕ್ಷನ್ ತರುವ ದಿನ ಡಬ್ಬಿಯನ್ನು ಮನೆಗೆ ತಂದು ದೇವರ ಮುಂದಿಟ್ಟೇ ಒಯ್ಯುತ್ತೇನೆ. ಲಿಫ್ಟು ಹತ್ತುವುದಿಲ್ಲ. ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು, ಅವಸರ ಮಾಡದೆ ಮೆಟ್ಟಿಲು ಇಳಿಯುತ್ತೇನೆ. ಎಡಗೈಯಲ್ಲಿ ಏನನ್ನೂ ಹಿಡಿಯುವುದಿಲ್ಲ. ಯಾರಿಗಾದರೂ ಹಿಡಿದುಕೊಳ್ಳಬೇಕು ಅನ್ನಿಸಿದರೆ ಇರಲಿ ಅಂತ.